ಸ್ಪಷ್ಟನೆ: ಅಡಾಪ್ಟರ್ ಪ್ಲೇಟ್ ಒಂದೇ ಸಾಲದು

‘ಅಡಾಪ್ಟರ್ ಪ್ಲೇಟ್ (ಎಂಜಿನ್ನನ್ನು ಬೇರೆ ಮಾದರಿಯ ಗೇರ್‌ಬಾಕ್ಸಿಗೆ ಜೋಡಿಸುವ ಲೋಹದ ತಟ್ಟೆ) ಸಿಕ್ಕರೆ ಹಳೆಯ ಪೆಟ್ರೋಲ್ ಫೋರ್‌ವೀಲ್ ಡ್ರೈವ್‌ಗೆ ಟರ್ಬೊ ಡೀಸೆಲ್ ಎಂಜಿನ್ ಬೋಲ್ಟ್ ಮಾಡಿ ಓಡಿಸಬಹುದು’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಪ್ಲೇಟ್ ಕೂತರೂ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಮತ್ತು ಅದರಿಂದ ಶಕ್ತಿ ಪಡೆಯುವ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜನ್ನು (ಸೂಕ್ಷ್ಮ ಓಡಾಟವನ್ನು ಮುಳ್ಳಿನಿಂದ ತೋರಿಸುವ ಅಳತೆ ಉಪಕರಣ) ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿಗೆ ಕಚ್ಚಿಸಿ, ಗೇಜಿನ ತುದಿಯನ್ನು ಬೆಲ್‌ಹೌಸಿಂಗ್ (ಎಂಜಿನ್-ಗೇರ್‌ಬಾಕ್ಸ್ ನಡುವಿನ ಗಂಟೆಯಾಕಾರದ ಕವಚ) ರಂಧ್ರದ ಒಳಅಂಚಿಗೆ ತಾಗಿಸಿ, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟದ ಅರ್ಧವೇ ನಿಜವಾದ ತಪ್ಪು, ಅದು 0.13 ಮಿ.ಮೀ. ದಾಟಿದರೆ ಕ್ರ್ಯಾಂಕಿನ ತುದಿಯಲ್ಲಿ ಇನ್‌ಪುಟ್ ಶಾಫ್ಟಿಗೆ ಆಸರೆ ಕೊಡುವ ಸ್ಪಿಗಾಟ್ ಬೇರಿಂಗ್ ಬೇಗ ಸವೆಯುತ್ತದೆ. ಆಮೇಲೆ ಬೈಗುಳ ಮಾತ್ರ ಗೇರ್‌ಬಾಕ್ಸಿಗೆ!

ಬ್ರೇಕ್ ವಿಷಯ ಯಾರೂ ಹೇಳುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿಗೆ ಎಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡ್‌ನಿಂದ ವ್ಯಾಕ್ಯೂಮ್ (ನಿರ್ವಾತ) ಸಿಗುತ್ತಿತ್ತು. ಡೀಸೆಲ್ಲಿನಲ್ಲಿ ಅದು ಸಿಗದು, ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಪೆಡಲ್ ಕಲ್ಲಿನಂತಾಗುತ್ತದೆ.

ಸಂಪ್ (ಎಂಜಿನ್ನಿನ ಅಡಿಯ ಆಯಿಲ್ ತಟ್ಟೆ) ಮುಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ಲಿಗೆ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಗುಂಡು) ಬಡಿಯುತ್ತದೆಯೇ ಎಂಬುದನ್ನು ಗಾಡಿ ನಿಂತಿರುವಾಗ ನೋಡಿ ಪ್ರಯೋಜನವಿಲ್ಲ. ಆಕ್ಸಲ್ಲನ್ನು ಬಂಪ್‌ಸ್ಟಾಪ್ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ ಅಳೆಯಿರಿ. ಜಾಗ ಸಾಲದೆಂದು ಎಂಜಿನ್ ವಾಲಿಸಿದರೆ ಟರ್ಬೊದ ಆಯಿಲ್ ಡ್ರೇನ್ ಕೊಳವೆಯ ಇಳಿಜಾರು ಕೆಡುತ್ತದೆ. ಆಯಿಲ್ ತಾನಾಗಿ ಕೆಳಗಿಳಿಯದಿದ್ದರೆ ಟರ್ಬೊದ ಸೀಲ್ ದಾಟಿ ನೀಲಿ ಹೊಗೆಯಾಗುತ್ತದೆ. ಹೊಸ ಟರ್ಬೊ ಹಾಕಿದರೂ ಆ ಹೊಗೆ ನಿಲ್ಲದು.