ಲವ್‌ಲೆಸ್‌ನಿಂದ ಶುರು ಮಾಡಬೇಡಿ

ಶೂಗೇಜ್ ಅಂದರೆ ಗಿಟಾರಿನ ಗದ್ದಲದಲ್ಲಿ ದನಿ ಮುಳುಗಿರುವ ಒಂದು ಬಗೆಯ ರಾಕ್ ಸಂಗೀತ. ಯಾರಾದರೂ ಹೊಸಬರು ‘ಶೂಗೇಜ್ ಕೇಳಬೇಕು, ಯಾವುದರಿಂದ ಶುರು ಮಾಡಲಿ’ ಅಂದರೆ ಸಾಕು, ಹತ್ತು ಜನ ಒಟ್ಟಿಗೆ ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಆಲ್ಬಮ್ ‘ಲವ್‌ಲೆಸ್’ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನನಗೂ ಹಾಗೇ ಹೇಳಿದ್ದರು. ನಾನು ಅದನ್ನು ಡಿಲೀಟ್ ಮಾಡಿದ್ದೆ.

ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗಿನ ಮಾತು. ಹಾಸ್ಟೆಲ್ಲಿನ ಸೀನಿಯರ್ ಒಬ್ಬ ತನ್ನ ಹಾರ್ಡ್ ಡಿಸ್ಕಿನಿಂದ ಹಾಕಿಕೊಟ್ಟಿದ್ದ. ಗಿಟಾರು ಜೀಪಿನಲ್ಲಿ ಬಿಸಿಲಿಗೆ ಬಿಟ್ಟ ಕ್ಯಾಸೆಟ್ಟಿನ ಹಾಗೆ ಎಳೆಯುತ್ತಿತ್ತು. ಹಾಡುವವರು ಪಕ್ಕದ ರೂಮಿನಲ್ಲಿ ಕಂಬಳಿ ಹೊದ್ದು ಹಾಡಿದಂತಿತ್ತು. ಫೈಲ್ ಕೆಟ್ಟಿದೆ ಅಂದುಕೊಂಡು ಇನ್ನೊಬ್ಬನ ಹತ್ತಿರ ಕಾಪಿ ಮಾಡಿಕೊಂಡೆ. ಅದೂ ಹಾಗೇ ಇತ್ತು!

ಫೈಲ್ ಕೆಟ್ಟಿರಲಿಲ್ಲ ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಮೈ ಬ್ಲಡಿ ವ್ಯಾಲೆಂಟೈನ್‌ನ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು (ಸ್ವರ ಏರಿಳಿಸುವ ಹಿಡಿ) ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಾನೆ. ಅದಕ್ಕೇ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ತಂಡದ ಹಾಡುಗಾರ್ತಿ ಬಿಲಿಂಡಾ ಬುಚರ್ ಎಷ್ಟೋ ಸಲ ಆಗಷ್ಟೇ ನಿದ್ದೆಯಿಂದ ಎದ್ದು ಹಾಡಿದ್ದಳಂತೆ. ಅಲ್ಲಿಗೆ ಕಂಬಳಿ ಅಂದಿದ್ದು ಪೂರ್ತಿ ತಪ್ಪಲ್ಲ ಅನ್ನಿ. 1991ರ ಆಲ್ಬಮ್ ಅದು. ಈಗ ನನಗೆ ಪ್ರಾಣ. ಆದರೆ ಅದು ಮೊದಲನೇ ಮೆಟ್ಟಿಲಲ್ಲ.

ಮೊದಲು ಆಲ್ವೇಸ್ ಕೇಳಿ. ಕೆನಡಾದ ತಂಡ. ಹುಡುಕುವಾಗ ಡಬ್ಲ್ಯೂ ಬದಲು ಎರಡು ವಿ ಹಾಕಿ, ಇಲ್ಲದಿದ್ದರೆ ಸಿಗಲ್ಲ. 2022ರ ಆಲ್ಬಮ್ ‘ಬ್ಲೂ ರೆವ್’ ಹಾಕಿ. ಮೊದಲ ಹಾಡು ಬರೀ ಎರಡು ನಿಮಿಷದ್ದು. ಹಳೇ ಹುಡುಗ ಊರಿಗೆ ವಾಪಸ್ ಬಂದಿದ್ದಾನೆ. ಅವನ ಅಕ್ಕನೋ ತಂಗಿಯೋ ಮೆಡಿಕಲ್ ಶಾಪಿನಲ್ಲಿ ಕಂಡಿದ್ದಾಳೆ. ಅಷ್ಟೇ ಕಥೆ. ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಎಂ.ಜಿ. ರೋಡಿನಲ್ಲಿ ಒಂದು ಸಂಜೆ ಓಡಾಡಿದರೆ ಯಾರ ಮನೆಗೆ ಯಾರು ಬಂದಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಹಾಡಿನ ಕೊನೆಗೆ ಗಿಟಾರು ಹುಚ್ಚೆದ್ದು ಬರುತ್ತದೆ. ಅಷ್ಟರಲ್ಲಿ ರಾಗ ಬಾಯಿಗೆ ಬಂದಿರುತ್ತದೆ, ಗದ್ದಲ ಹೆದರಿಸುವುದಿಲ್ಲ.

ಆಮೇಲೆ ‘ಸೈಕೋಕ್ಯಾಂಡಿ’. ಜೀಸಸ್ ಅಂಡ್ ಮೇರಿ ಚೈನ್ 1985ರಲ್ಲಿ ಮಾಡಿದ್ದು. ಸ್ಕಾಟ್ಲೆಂಡಿನ ಅಣ್ಣ ತಮ್ಮ. ಸರಳ ಪ್ರೇಮಗೀತೆಯ ಮೇಲೆ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಕೀರಲು ಸದ್ದು, ಸುರಿದಿದ್ದಾರೆ. ನಮ್ಮ ಬೀದಿಯಲ್ಲಿ ಗಣಪತಿ ಪೆಂಡಾಲಿಗೆ ಮೈಕ್ ಸೆಟ್ ಹಾಕುವ ಅಣ್ಣ ಒಬ್ಬರಿದ್ದಾರೆ. ಒಂದು ದಿನ ಅವರ ಅಂಗಡಿಯಲ್ಲೇ, ಅವರದೇ ಬಾಕ್ಸಿನಲ್ಲಿ ಇದನ್ನು ಹಾಕಿದೆ. ಹತ್ತು ಸೆಕೆಂಡೂ ಆಗಿರಲಿಲ್ಲ, ಅವರ ಕೈ ತಾನಾಗೇ ಮಿಕ್ಸರ್ ಮೇಲೆ ಹೋಯಿತು.

‘ಮೈಕು ಕೂಗ್ತಿದೆ ಕಣೋ!’

‘ಇಲ್ಲ ಅಣ್ಣ, ಅದೇ ಹಾಡು.’

ಅವರು ಒಂದೊಂದೇ ನಾಬ್ ತಿರುಗಿಸಿ ನೋಡಿದರು. ಕೂಗು ನಿಲ್ಲಲಿಲ್ಲ. ‘ನಾನು ಮೂವತ್ತು ವರ್ಷದಿಂದ ಇದನ್ನ ನಿಲ್ಲಿಸೋಕೆ ದುಡ್ಡು ಇಸ್ಕೋತಿದೀನಿ. ಅವರು ಮಾಡೋಕೆ ಇಸ್ಕೋತಾರಾ?’ ಅಂದರು. ಈ ಆಲ್ಬಮ್ ಬಗ್ಗೆ ಇದಕ್ಕಿಂತ ಒಳ್ಳೇ ವಿಮರ್ಶೆ ನಾನಂತೂ ಓದಿಲ್ಲ.

ಮೂರನೆಯದು ಸ್ಲೋಡೈವ್ ತಂಡದ ‘ಸುವ್ಲಾಕಿ’, 1993. ಇದು ಗದ್ದಲವಲ್ಲ, ತೇಲುವುದು. ಹೆಸರಾಂತ ಸಂಗೀತಗಾರ ಬ್ರಯಾನ್ ಈನೋ ಕೂಡ ಎರಡು ಹಾಡಿಗೆ ಕೈಜೋಡಿಸಿದ್ದಾನೆ. ಬಂದಾಗ ಇಂಗ್ಲೆಂಡಿನ ಒಬ್ಬ ವಿಮರ್ಶಕ, ಇದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ತೊಟ್ಟಿಯಲ್ಲಿ ಮುಳುಗಿ ಸಾಯುವುದೇ ವಾಸಿ ಅಂತ ಬರೆದಿದ್ದ. ಮುಂದಿನ ಆಲ್ಬಮ್ ಆದ ಮೇಲೆ ಕಂಪನಿಯೂ ಕೈಬಿಟ್ಟಿತು. 22 ವರ್ಷ ಬಿಟ್ಟು, 2017ರಲ್ಲಿ ಮತ್ತೊಂದು ಆಲ್ಬಮ್ ತಂದರು. ಅದೂ ಚೆನ್ನಾಗಿದೆ.

ಇನ್ನೊಂದು ತಕರಾರು. ‘ಮಳೆ, ಮಂಜು, ಮುಳ್ಳಯ್ಯನಗಿರಿ, ಕಿವಿಯಲ್ಲಿ ಶೂಗೇಜ್’ ಅಂತ ಫೋಟೋ ಹಾಕುವವರ ಮನೆಗೆ ಆರ್‌ಸಿಸಿ ಇರಬೇಕು. ನಮ್ಮದು ಶೀಟಿನ ಮನೆ. ಜುಲೈನಲ್ಲಿ ಫೋನಿನಲ್ಲಿ ಮಾತಾಡುವುದೇ ಕಷ್ಟ, ಇನ್ನು ಹಾಡು ಎಲ್ಲಿಂದ ಬಂತು? ನನ್ನ ಪ್ರಕಾರ ಇದಕ್ಕೆ ಬೇಸಿಗೆಯೇ ಸರಿ, ಜೀರುಂಡೆ ಕಾಲ. ಏಪ್ರಿಲ್‌ನಲ್ಲಿ ಸಂಜೆ ಬೆಟ್ಟದ ದಾರಿಯಲ್ಲಿ ಕೈಮರ ದಾಟಿ ಮೇಲೆ ಹೋಗಿ ಬೈಕ್ ಆಫ್ ಮಾಡಿ. ಮೊದಲು ಒಂದೇ ಸಮ ಕಿರ್ರೋ ಅನ್ನುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ಸುಮ್ನೆ ಐದು ನಿಮಿಷ ಕೂತಿರಿ. ಎಡಗಡೆಯ ಮರದ್ದು ಬೇರೆ, ಕೆಳಗಿನ ತೋಟದ್ದು ಬೇರೆ ಅಂತ ಕೇಳಿಸತೊಡಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ನಡುವೆ ಯಾವುದೋ ಹಕ್ಕಿ, ಅಷ್ಟು ಹೊತ್ತೂ ಅಲ್ಲೇ ಕೂಗುತ್ತಿದ್ದದ್ದು.

ಆ ಕಿವಿ ಇಟ್ಟುಕೊಂಡು ಲವ್‌ಲೆಸ್ ಹಾಕಿ. ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ. ಪೂರ್ತಿ 48 ನಿಮಿಷ. ಸಾಹಿತ್ಯ ಹುಡುಕಬೇಡಿ. ದನಿಯನ್ನು ಬೇಕಂತಲೇ ಗಿಟಾರಿನ ಹಿಂದೆ ನಿಲ್ಲಿಸಿದ್ದಾರೆ. ಸೌಂಡ್ ಮಾತ್ರ ಹದವಾಗಿರಲಿ. ಈ ತಂಡದ ಶೋಗಳಲ್ಲಿ ಬಾಗಿಲಲ್ಲೇ ಕಿವಿಗೆ ಇಟ್ಟುಕೊಳ್ಳುವ ಬಿರಡೆ ಹಂಚಿದ್ದುಂಟು.

ಲಶ್, ರೈಡ್ ತಂಡಗಳ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಮೈಕ್ ಸೆಟ್ ಅಣ್ಣನಿಗೆ ಲವ್‌ಲೆಸ್ ಇನ್ನೂ ಕೇಳಿಸಿಲ್ಲ. ಗಣಪತಿ ಸೀಸನ್ ಮುಗಿಯಲಿ, ಈಗ ಬೇಡ.