ಹೊಗೆ ತುಂಬಿದರೂ ಡಿಟೆಕ್ಟರ್ ಯಾಕೆ ಕೂಗಲಿಲ್ಲ?

ತುಮಕೂರಿನಲ್ಲಿ ಹೊಸ ಫ್ಲಾಟ್ ಗೃಹಪ್ರವೇಶ ಮಾಡುವವರು ದಯವಿಟ್ಟು ಸೀಲಿಂಗ್ ಕಡೆ ಒಮ್ಮೆ ಕತ್ತೆತ್ತಿ ನೋಡಿ. ಪೇಂಟಿಂಗ್ ಧೂಳು ಹೋಗದಿರಲಿ ಅಂತ ಸ್ಮೋಕ್ ಡಿಟೆಕ್ಟರ್‌ಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಉಳಿದಿರಬಹುದು. ಪುಟ್ಟ ದೀಪ ಮಿನುಗುತ್ತಲೇ ಇರುತ್ತದೆ, ಹೊಗೆ ಮಾತ್ರ ಒಳಗೆ ಹೋಗುವುದಿಲ್ಲ. ಜಾಲರಿಯ ಮೇಲೆ ಪೇಂಟ್ ಬಿದ್ದಿದ್ದರೆ ಕೆರೆಯಲು ಹೋಗಬೇಡಿ, ಡಿಟೆಕ್ಟರನ್ನೇ ಬದಲಾಯಿಸಿ.

ಈಗ ಹೆಚ್ಚು ಬಳಕೆಯಲ್ಲಿರುವುದು ಬೆಳಕಿನಿಂದ ಹೊಗೆ ಹಿಡಿಯುವ ಬಗೆ. ಒಳಗೊಂದು ಕತ್ತಲೆ ಗೂಡು. ಎಲ್‌ಇಡಿ ಬೆಳಕು ಒಂದು ದಿಕ್ಕಿಗೆ ಹಾಯುತ್ತದೆ, ಅದು ನೇರ ಬೀಳದಂತೆ ಓರೆಯಲ್ಲಿ ಸೆನ್ಸರ್. ಹೊಗೆಯ ಕಣಗಳು ಬಂದು ಬೆಳಕು ಚದುರಿ ಸೆನ್ಸರ್‌ಗೆ ತಾಗಿದಾಗ ಕೂಗುತ್ತದೆ. ಸೊಳ್ಳೆ ಬತ್ತಿಯ ಕೆಂಡ ಹತ್ತಿಯ ಹಾಸಿಗೆಗೆ ತಗುಲಿ, ಜ್ವಾಲೆಯಿಲ್ಲದೆ ಒಳಗೊಳಗೇ ಹೊಗೆಯಾಡುತ್ತದಲ್ಲ, ಅದಕ್ಕೆ ಇದೇ ಸರಿ. ಅಮೆರಿಸಿಯಂ-241 ಎಂಬ ವಿಕಿರಣ ಸೂಸುವ ವಸ್ತು ಚೂರೇ ಚೂರು ಇರುವ ಇನ್ನೊಂದು ಬಗೆ ಧಗಧಗ ಉರಿಗೆ ಬೇಗ ಎಚ್ಚೆತ್ತರೂ ಇಂಥ ಹೊಗೆಗೆ ತಡ ಮಾಡುತ್ತದೆ.

ಮನೆಗೆ ನಾವೇ ತಂದು ಹಾಕಿದ ಡಿಟೆಕ್ಟರ್ ಮೌನವಾಗಿರಲು ಮುಖ್ಯ ಕಾರಣ ಸೆಲ್. ಒಣಮೆಣಸಿನಕಾಯಿ ಒಗ್ಗರಣೆಗೆ ಕೂಗಿತು, ಸಾಂಬ್ರಾಣಿಗೆ ಕೂಗಿತು ಅಂತ ಸ್ಟೂಲ್ ಹತ್ತಿ ಸೆಲ್ ಕಿತ್ತಿಡುತ್ತೇವೆ, ಮತ್ತೆ ಹಾಕುವುದು ಮರೆತೇ ಹೋಗುತ್ತದೆ. ತಪ್ಪು ಕೂರಿಸಿದ ಜಾಗದ್ದು. ಒಲೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ. ಅಡುಗೆಮನೆಯೊಳಗೇ ಬೇಕೆಂದರೆ ಹೊಗೆಗಲ್ಲ, ಬಿಸಿಗೆ ಕೂಗುವ ಹೀಟ್ ಡಿಟೆಕ್ಟರ್ ಹಾಕಿಸಿ. ನಿಮಿಷಕ್ಕೊಮ್ಮೆ ಸಣ್ಣಗೆ ಕೀಚು ಎನ್ನುತ್ತಿದ್ದರೆ ಸಾಮಾನ್ಯವಾಗಿ ಸೆಲ್ ಇಳಿದಿದೆ ಎಂದರ್ಥ. ಅವತ್ತೇ ಬದಲಾಯಿಸಿ.

ನಮ್ಮ ಮನೆಗಳಲ್ಲಿ ಫ್ಯಾನ್ ಇಲ್ಲದ ಕೋಣೆ ಎಲ್ಲಿದೆ? ರಾತ್ರಿಯಿಡೀ ತಿರುಗುವ ಫ್ಯಾನ್ ಹೊಗೆಯನ್ನು ಆಚೆ ತಳ್ಳಿಬಿಡುತ್ತದೆ. ಅದರ ರೆಕ್ಕೆಯ ತುದಿಯಿಂದ 90 ಸೆಂಟಿಮೀಟರ್ ಬಿಡಿ. ಗೋಡೆಯೂ ಸೀಲಿಂಗೂ ಸೇರುವ ಮೂಲೆಗೂ ಹೊಗೆ ಸರಿಯಾಗಿ ಸುಳಿಯುವುದಿಲ್ಲ, ಅಲ್ಲಿಂದ 10 ಸೆಂಟಿಮೀಟರ್ ಈಚೆಗಿರಲಿ. ಹಾಲ್‌ನಲ್ಲಿ ಒಂದು ಇದ್ದರೆ ಸಾಕೆಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ ಬೆಂಕಿ ಹತ್ತಿದರೆ ಹೊಗೆ ಹಾಲ್‌ಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಹಾಲ್‌ನಲ್ಲೇ ಹತ್ತಿದರೂ, 3 ಮೀಟರ್ ದೂರಕ್ಕೆ 85 ಡೆಸಿಬೆಲ್ ಇರುವ ಸದ್ದು ಮುಚ್ಚಿದ ಬಾಗಿಲಾಚೆ ಕುಗ್ಗುತ್ತದೆ. ಗಾಢ ನಿದ್ದೆಯ ಮಕ್ಕಳು ಅದಕ್ಕೆ ಏಳದೇ ಇರಬಹುದು. ಮಲಗುವ ಕೋಣೆಗೆ ಒಂದೊಂದು ಬೇಕೇ ಬೇಕು.

ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಆದರೆ ಅದು ಹೇಳುವುದು ಸೆಲ್, ಸರ್ಕ್ಯೂಟ್, ಹಾರ್ನ್ ಸರಿಯಿವೆ ಅಂತ ಮಾತ್ರ. ಜಾಲರಿಯಲ್ಲಿ ಬಿ.ಎಚ್. ರಸ್ತೆಯ ಧೂಳೋ ಜೇಡರ ಬಲೆಯೋ ಕಟ್ಟಿಕೊಂಡಿದ್ದರೆ ಅದಕ್ಕೆ ತಿಳಿಯದು. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರ್‌ನ ಮೆತ್ತನೆ ಬ್ರಷ್ ಆಡಿಸಿ, ನೀರು ಬೇಡ. ಹಿಂಬದಿಯ ತಯಾರಿಕೆ ದಿನಾಂಕಕ್ಕೆ 10 ವರ್ಷ ಆಗಿದ್ದರೆ, ಕೂಗಿದರೂ ಬದಲಾಯಿಸಿ.

ಅಪಾರ್ಟ್‌ಮೆಂಟ್‌ನವರು ಸೆಕ್ಯುರಿಟಿ ಪಕ್ಕದಲ್ಲಿ ಕಟ್ಟಡದ ಡಿಟೆಕ್ಟರ್‌ಗಳ ತಂತಿ ಬಂದು ಸೇರುವ ಫೈರ್ ಪ್ಯಾನೆಲ್ ಮುಂದೆ ಎರಡು ನಿಮಿಷ ನಿಲ್ಲಿ. ಹಳದಿ ಫಾಲ್ಟ್ ದೀಪ ಉರಿಯುತ್ತಿದೆಯೇ, ಸದ್ದು ಕಾಟವೆಂದು ಹೂಟರ್ ಬಂದ್ ಮಾಡಿದ್ದಾರೆಯೇ, ಯಾವ ಫ್ಲಾಟ್‌ನ ಡಿಟೆಕ್ಟರ್ ತಂತಿ ಕಡಿದಿದೆ ಅಂತ ಕೇಳಿ. ಉತ್ತರವನ್ನು ಅಸೋಸಿಯೇಷನ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಸಿ.