ಟರ್ಬೋ ಬಿಚ್ಚೋ ಮುಂಚೆ ಗಾಡೀನ ಒಂದು ಏರು ಹತ್ತಿಸಿ ನೋಡಿ

ಡೀಸೆಲ್ ಕಾರು ಎಳೆಯುತ್ತಿಲ್ಲ, ಪಿಕಪ್ ಸತ್ತುಹೋಗಿದೆ ಅಂತ ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವುದಕ್ಕೂ ಮೊದಲೇ "ಟರ್ಬೋ ಹೋಗಿದೆ ಸಾರ್" ಅನ್ನುವವರು ಈಗ ಊರೂರಲ್ಲೂ ಇದ್ದಾರೆ. ಇದು ತಪ್ಪು, ಮತ್ತು ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ. ಹೊಸದು ಹಾಕಿಸುವುದು ಹತ್ತಾರು ಸಾವಿರದ ಬಾಬತ್ತು. ಟ್ಯಾಕ್ಸಿ ಓಡಿಸಿ ಮನೆ ನಡೆಸುವವರಿಗೆ ಅದು ಎರಡು ಮೂರು ತಿಂಗಳ ಕಂತಿನ ದುಡ್ಡು. ಅಷ್ಟು ಸುರಿದ ಮೇಲೂ ಗಾಡಿ ಮೊದಲಿನಂತೆಯೇ ಏದುಸಿರು ಬಿಟ್ಟರೆ ಯಾರೂ ವಾಪಸ್ ಕೊಡುವುದಿಲ್ಲ.

ನಮ್ಮ ಬೀದಿಯವರೊಬ್ಬರ ಡೀಸೆಲ್ ಎರ್ಟಿಗಾ ಕಥೆ ಹೇಳುತ್ತೇನೆ. 1.3 ಲೀಟರಿನ, 1248 ಸಿಸಿಯ ಆ ಎಂಜಿನ್ ಮೂಲತಃ ಫಿಯಟ್‌ನದು. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ, ಪುಂಟೊ, ಇವುಗಳ ಡೀಸೆಲ್ ಮಾದರಿಗಳಲ್ಲೂ ಅದೇ ಎಂಜಿನ್ ಬರುತ್ತಿತ್ತು. ಮಾರುತಿಯವರು 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿದರೂ ನಮ್ಮ ಕಡೆ ಬಾಡಿಗೆಗೆ ಈಗಲೂ ಓಡುತ್ತಿರುವ ಹಳೇ ಗಾಡಿಗಳಲ್ಲಿ ಇದು ಬೇಕಾದಷ್ಟಿದೆ. ಈ ಎರ್ಟಿಗಾ ಸಮತಟ್ಟಿನಲ್ಲಿ ಚೆನ್ನಾಗೇ ಹೋಗುತ್ತಿತ್ತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುಮಾಡಿದರೆ ಎರಡನೇ ಗೇರಿಗೆ ಬರಬೇಕು, ಹಿಂದುಗಡೆ ಕಪ್ಪು ಹೊಗೆ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0299 ಕೋಡ್ ಬಂತು. ಅಷ್ಟಕ್ಕೇ ಟರ್ಬೋಗೆ ಎಸ್ಟಿಮೇಟ್ ಬರೆದುಕೊಟ್ಟರು.

ಪಿ0299 ಅಂದರೆ ಟರ್ಬೋ ಕೆಟ್ಟಿದೆ ಅಂತಲ್ಲ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಕೇಳಿದಷ್ಟು ಗಾಳಿಯ ಒತ್ತಡ ಬರಲಿಲ್ಲ ಅಂತ, ಅಷ್ಟೇ. ಯಾಕೆ ಬರಲಿಲ್ಲ ಅನ್ನುವುದನ್ನು ಕೋಡ್ ಹೇಳುವುದಿಲ್ಲ, ಮನುಷ್ಯರೇ ಹುಡುಕಬೇಕು. ಏರ್ ಫಿಲ್ಟರ್‌ನಿಂದ ಟರ್ಬೋಗೆ, ಅಲ್ಲಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಗಾಳಿ ಹೋಗುವ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ, ಎಲ್ಲಿ ಸೋರಿದರೂ ಬರುವುದು ಇದೇ ಕೋಡ್. ಆ ಎರ್ಟಿಗಾದಲ್ಲಿ ಇಂಟರ್‌ಕೂಲರ್‌ನ ರಬ್ಬರ್ ಹೋಸ್ ತಳಭಾಗದಲ್ಲಿ, ಕ್ಲ್ಯಾಂಪಿನ ಪಕ್ಕದಲ್ಲೇ ಸೀಳಿತ್ತು. ಮೇಲಿಂದ ನೋಡಿದರೆ ಏನೂ ಕಾಣದು. ಕೈಯನ್ನು ಕೆಳಗಿನಿಂದ ಹಾಕಿದಾಗ ಬೆರಳಿಗೆ ಎಣ್ಣೆ ಕಲೆಸಿದ ಕರಿ ಧೂಳು ಮೆತ್ತಿಕೊಂಡಿತು. ಹೋಸ್ ಬಿಚ್ಚಿ ಬಗ್ಗಿಸಿದರೆ ಸೀಳು ಬಾಯಿ ಬಿಟ್ಟಿತು. ಕೈ ಸಡಿಲಿಸಿದರೆ ಮತ್ತೆ ಮುಚ್ಚಿಕೊಂಡಿತು. ಹೋಸ್ ಬದಲಾಯಿತು, ಟರ್ಬೋ ಈಗಲೂ ಹಳೇದೇ ಇದೆ, ಗಾಡಿ ಮೂರನೇ ಗೇರಿನಲ್ಲಿ ಶಿರಾಡಿ ಹತ್ತುತ್ತಿದೆ.

ಇಂಥ ಸೀಳು ನಿಂತ ಗಾಡಿಯಲ್ಲಿ ಸಿಕ್ಕಿಬೀಳುವುದಿಲ್ಲ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ "ಎಲ್ಲಾ ಸರಿ ಇದೆ" ಅನ್ನುವ ಮೆಕ್ಯಾನಿಕ್ಕನ್ನು ನಂಬಬೇಡಿ. ಭಾರ ಇಲ್ಲದಿದ್ದರೆ ಟರ್ಬೋ ಪೂರ್ತಿ ಒತ್ತಡ ಕಟ್ಟುವುದೇ ಇಲ್ಲ. ಸ್ಕ್ಯಾನರ್ ಕನೆಕ್ಟ್ ಮಾಡಿಕೊಂಡು ರಸ್ತೆಗೆ ಹೋಗಬೇಕು, ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಇಸಿಯು ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದೆಷ್ಟು ಅಂತ ನೋಡಬೇಕು. ಈ ಎರಡು ಅಂಕಿ ನೋಡದೆ ಟರ್ಬೋ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೊರಡುವ ಮೊದಲು ಇನ್ನೊಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಇಂಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಏನು ತೋರಿಸುತ್ತಿದೆ ನೋಡಿ. ಅದು ಆ ಊರಿನ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬೇರೇನೋ ತೋರಿಸುತ್ತಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಬಿಚ್ಚಿ ನೋಡಿದರೆ ಮೂತಿಗೆ ಮಸಿ ಮೆತ್ತಿರುತ್ತದೆ, ಎಷ್ಟೋ ಸಲ ಕ್ಲೀನ್ ಮಾಡಿದರೆ ಸಾಕು.

ಹೊಗೆಯನ್ನೂ ಓದಲು ಕಲಿಯಿರಿ. ಶಕ್ತಿಯೂ ಇಲ್ಲ, ಕಪ್ಪು ಹೊಗೆಯೂ ಇದೆ ಅಂದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್, ಹೋಸ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ, ತೆರೆದೇ ನಿಂತ ಇಜಿಆರ್ ವಾಲ್ವ್ ಕಡೆ ನೋಡಿ. ಹೊಗೆಯೇ ಇಲ್ಲದೆ ಎಳೆತ ಕಡಿಮೆಯಾಗಿದ್ದರೆ ಡೀಸೆಲ್ಲೇ ಸಾಲುತ್ತಿಲ್ಲ, ಇಲ್ಲವೇ ಇಸಿಯು ಎಂಜಿನ್ ಉಳಿಸಲು ತಾನಾಗಿಯೇ ಶಕ್ತಿ ಕಡಿತ ಮಾಡಿ ಲಿಂಪ್ ಮೋಡಿಗೆ ಹೋಗಿದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಸರಿಹೋದರೆ ಈ ಎರಡನೆಯದ್ದೇ ಇರಬೇಕು. ನೀಲಿ ಹೊಗೆ ಬಂದರೆ ಮಾತ್ರ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಗಾಬರಿಯಾಗಿ. ಇನ್ನು ಆರ್‌ಪಿಎಂ ಏರುತ್ತಿದ್ದು ಗಾಡಿಯ ವೇಗ ಮಾತ್ರ ಏರದಿದ್ದರೆ ಎಂಜಿನ್ನಿನ ತಂಟೆಗೇ ಹೋಗಬೇಡಿ, ಅದು ಕ್ಲಚ್.

ಡೀಸೆಲ್ ಫಿಲ್ಟರನ್ನು ನಮ್ಮ ಜನ ಮರೆತೇಬಿಡುತ್ತಾರೆ. ಮಳೆಗಾಲದಲ್ಲಿ ಅದರ ತಳದಲ್ಲಿ ನೀರು ನಿಂತರೆ ಹೊರಗೆ ಬಿಡಬೇಕು, ಕಟ್ಟಿಕೊಂಡರೆ ಬದಲಿಸಬೇಕು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ ಒತ್ತಡ (ರೈಲ್ ಪ್ರೆಶರ್) ಕಡಿಮೆ ಅಂತ ಪಿ0087 ಕೋಡ್ ಬಂದರೆ ಪಂಪು, ಇಂಜೆಕ್ಟರ್ ಅನ್ನುವ ಮುಂಚೆ ಈ ಫಿಲ್ಟರ್ ನೋಡಿ. ಆದರೆ ದಯವಿಟ್ಟು, ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವ ಹಳೇ ಪದ್ಧತಿ ಬಿಟ್ಟುಬಿಡಿ. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳನ್ನೇ ಕತ್ತರಿಸಬೇಕಾಗಬಹುದು. ಹದಿನೆಂಟು ಇಪ್ಪತ್ತರ ಹುಡುಗರು ಕೆಲಸ ಕಲಿಯುತ್ತಿರುವ ಗ್ಯಾರೇಜಿನಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ವೇರಿಯಬಲ್ ಟರ್ಬೋ ಇರುವ ಎಷ್ಟೋ ಗಾಡಿಗಳಲ್ಲಿ ಒಳಗಿನ ರೆಕ್ಕೆಗಳನ್ನು ತಿರುಗಿಸುವುದು ವ್ಯಾಕ್ಯೂಮ್. ಬೆರಳಿಗಿಂತ ಸಣ್ಣ ಹೋಸ್ ಒಂದು ಒಣಗಿ ಸೀಳಿದರೂ ಟರ್ಬೋ ಸತ್ತಂತೆ ಕಾಣುತ್ತದೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಹಚ್ಚಿ ಆ ರೆಕ್ಕೆಗಳನ್ನು ತಿರುಗಿಸುವ ಆಕ್ಚುವೇಟರ್ ರಾಡ್ ಅಲುಗುತ್ತದಾ ನೋಡುವುದು ಐದು ನಿಮಿಷದ ಕೆಲಸ.

ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಕಟ್ಟಿಕೊಂಡೂ ಎಳೆತ ಹೋಗುತ್ತದೆ, ಅದರಲ್ಲೂ ಪೇಟೆಯೊಳಗೆ ಬರೀ ಎರಡು ಮೂರು ಕಿಲೋಮೀಟರ್ ಓಡಾಡುವವರಿಗೆ. ಅದನ್ನು ಕೊರೆದು ತೆಗೆದುಹಾಕುತ್ತೇವೆ ಅನ್ನುವವರಿಗೆ ಗಾಡಿ ಕೊಡಬೇಡಿ. ಆ ಮಸಿ ಮುಂದೆ ಸ್ಕೂಲಿಗೆ ನಡೆದು ಹೋಗುವ ಮಕ್ಕಳ ಮೂಗಿಗೇ ಹೋಗುವುದು.

ಇಷ್ಟೆಲ್ಲಾ ನೋಡಿದ ಮೇಲೂ ಟರ್ಬೋನೇ ಅಂತಾದರೆ ಬಿಚ್ಚಲಿ, ನೀವು ಎದುರಿಗೆ ನಿಂತಿರಿ. ಶಾಫ್ಟ್ ಹಿಡಿದು ಅಲ್ಲಾಡಿಸಿದಾಗ ಅಡ್ಡಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ, ಆಯಿಲ್ ನಿಲ್ಲಲು ಆ ಸಂದು ಬೇಕೇ ಬೇಕು. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ನಿಜವಾಗಿಯೂ ಹೋಗಿದೆ. ಆಗ ಕೇಳಬೇಕಾದ್ದು ಯಾಕೆ ಹೋಯಿತು ಅಂತ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಶಾಫ್ಟಿಗೆ ಜೀವ ಆಯಿಲ್. ಆಯಿಲ್ ಬರುವ ಸಣ್ಣ ಪೈಪಿನಲ್ಲಿ ಕರಿ ಕಟ್ಟಿದ್ದರೆ ಹೊಸ ಟರ್ಬೋನೂ ಉಳಿಯುವುದಿಲ್ಲ. ಆ ಪೈಪನ್ನೂ ಬದಲಿಸಿ, ಆಯಿಲ್ಲು ಫಿಲ್ಟರ್ರು ಹೊಸದು ಹಾಕಿ, ಆಮೇಲೇ ಸ್ಟಾರ್ಟ್ ಮಾಡಿ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.